ಸಾಕಿದ ಬೆಕ್ಕು ಮನೆಯೊಳಗೇ ಇರಲಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಮ್ಮ ಬೀದಿಯವರೆಲ್ಲ ಪಾರ್ಕಿನಲ್ಲಿ ಸೇರಿದ್ದೆವು. ಕಸದ ಗಾಡಿ, ಬೀದಿದೀಪದ ಮಾತು ಮುಗಿದ ಮೇಲೆ ಬೆಕ್ಕಿನ ವಿಷಯ ಬಂತು. ಒಬ್ಬರು, 'ಎಲ್ಲ ಬೆಕ್ಕುಗಳನ್ನೂ ಹಿಡಿಸಿ ಊರಾಚೆ ಬಿಟ್ಟು ಬರೋಣ' ಎಂದರು. ಅವರ ತಾರಸಿಯಲ್ಲಿ ದಿನಾ ಗಲೀಜು, ಕಾರಿನ ಮೇಲೆ ಉಗುರಿನ ಗೀರು. ಇನ್ನೊಬ್ಬರು, 'ಬೆಕ್ಕು ಓಡಾಡೋ ಪ್ರಾಣಿ, ಅದನ್ನ ತಡೆಯೋಕೆ ನಾವ್ಯಾರು?' ಎಂದರು. ಮಾತು ಬಿರುಸಾಯಿತು. ನಾನು ಸುಮ್ನೆ ಕೂತಿದ್ದೆ. ಮನೆಗೆ ಬಂದ ಮೇಲೆ, ಹೇಳಬೇಕಾದ್ದನ್ನು ಹೇಳದೆ ಎದ್ದು ಬಂದೆನಲ್ಲ ಅನ್ನಿಸಿತು. ಅದಕ್ಕೇ ಈ ಪತ್ರ.

ನಮ್ಮ ಮನೆ ಮೈಸೂರಿನ ಸರಸ್ವತಿಪುರಂನಲ್ಲಿ, ಕುಕ್ಕರಹಳ್ಳಿ ಕೆರೆಗೆ ನಡೆದು ಹೋಗುವಷ್ಟು ಹತ್ತಿರ. ಹಿತ್ತಲಲ್ಲಿ ಒಂದು ಸೀಬೆ ಮರ, ದಾಸವಾಳ, ಕರಿಬೇವು, ಒಂದಿಷ್ಟು ಬಾಳೆ. ಕೆರೆ ಹತ್ತಿರ ಇರುವುದರಿಂದಲೋ ಏನೋ, ಹಕ್ಕಿಗಳು ಜಾಸ್ತಿ. ಸೂರಕ್ಕಿ, ಪಿಕಳಾರ, ಮಡಿವಾಳ, ಬೆಳವ ಎಲ್ಲ ಬರುತ್ತವೆ. ನಾನು 31 ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಮಕ್ಕಳಿಗೆ ಹಕ್ಕಿಗಳ ಹೆಸರು ಕಲಿಸಿದ್ದೇನೆ. ಬೆಕ್ಕನ್ನೂ ಸಾಕಿದ್ದೇನೆ. ಇವೆರಡನ್ನೂ ಒಟ್ಟಿಗೆ ಇಟ್ಟು ಯೋಚಿಸಿರಲಿಲ್ಲ, 2022ರ ದಸರಾ ಮುಗಿದ ಮರುವಾರದವರೆಗೆ.

ಅವತ್ತು ಬೆಳಿಗ್ಗೆ ಆರು ಗಂಟೆ ಇರಬೇಕು. ನಮ್ಮ ಮಿಂಚು ಹಿತ್ತಲ ಬಾಗಿಲಲ್ಲಿ ಕೂತು ಕೂಗುತ್ತಿದ್ದಳು. ಬಾಯಲ್ಲಿ ಏನೋ ಇತ್ತು. ಬಿಡಿಸಿಕೊಂಡು ನೋಡಿದರೆ ನವರಂಗ ಹಕ್ಕಿ. ನೋಡದವರಿಗೆ ಹೇಳುತ್ತೇನೆ: ಗೊರವಂಕಕ್ಕಿಂತ ಸ್ವಲ್ಪ ಚಿಕ್ಕದು, ಬಾಲ ಇದೆಯೋ ಇಲ್ಲವೋ ಅನ್ನುವಷ್ಟು ಮೊಟಕು. ಬೆನ್ನು ಹಸಿರು, ಹೆಗಲಲ್ಲಿ ನೀಲಿ, ಕಣ್ಣಿಗೆ ಕಪ್ಪು ಪಟ್ಟಿ, ಹೊಟ್ಟೆಯ ಕೆಳಗೆ ಕುಂಕುಮದ ಕೆಂಪು. ಮಳೆಗಾಲದಲ್ಲಿ ಹಿಮಾಲಯದ ತಪ್ಪಲಲ್ಲಿ, ಮಧ್ಯ ಭಾರತದ ಕಾಡುಗಳಲ್ಲಿ ಮರಿ ಮಾಡುತ್ತದೆ. ಆಮೇಲೆ ರಾತ್ರಿ ಹೊತ್ತು ಹಾರಿಕೊಂಡು ದಕ್ಷಿಣಕ್ಕೆ ಬರುತ್ತದೆ. ಕೆಲವು ಶ್ರೀಲಂಕಾದವರೆಗೂ ಹೋಗುತ್ತವೆ. ಅಷ್ಟು ದೂರ ಹಾರಿ ದಣಿದ ಹಕ್ಕಿ ಎಲ್ಲಾದರೂ ಒಂದು ಹಿತ್ತಲಲ್ಲಿ ಇಳಿಯುತ್ತದೆ. ಅದು ಕೊಂಬೆ ಮೇಲೆ ಮೇಯುವ ಹಕ್ಕಿಯಲ್ಲ. ನೆಲದ ಮೇಲೆ ಕುಪ್ಪಳಿಸುತ್ತಾ, ಒಣಗಿದ ಎಲೆ ಮಗುಚಿ ಹುಳ ಹುಡುಕುತ್ತದೆ. ಬೆಕ್ಕು ಹೊಂಚು ಹಾಕುವುದೂ ಅಲ್ಲೇ. ಬೆಳಗಿನ ಜಾವ, ಸಂಜೆ, ಎರಡಕ್ಕೂ ಅದೇ ಹೊತ್ತು.

ಹಕ್ಕಿಗೆ ಜೀವ ಇತ್ತು. ರೆಕ್ಕೆ ಮುರಿದಿರಲಿಲ್ಲ, ರಕ್ತ ಕಾಣಲಿಲ್ಲ. ರಟ್ಟಿನ ಡಬ್ಬಿಯಲ್ಲಿ ಹಳೇ ಸೀರೆ ಹಾಸಿ ಮಲಗಿಸಿದೆ, ಕತ್ತಲಲ್ಲಿ ಇಟ್ಟೆ. ಸುಧಾರಿಸಿಕೊಂಡು ಸಂಜೆಗೆ ಹಾರಿ ಹೋಗುತ್ತದೆ ಎಂದುಕೊಂಡಿದ್ದೆ. ರಾತ್ರಿ ಹತ್ತಕ್ಕೆ ನೋಡಿದರೆ ಸೆಟೆದು ಹೋಗಿತ್ತು. ನಮ್ಮ ಪಶುವೈದ್ಯರು ಆಮೇಲೆ ವಿವರಿಸಿದರು. ಬೆಕ್ಕಿನ ಹಲ್ಲು ಸೂಜಿಯ ಹಾಗೆ. ಗಾಯ ಹೊರಗೆ ಕಾಣುವುದೇ ಇಲ್ಲ. ಅದರ ಬಾಯಲ್ಲಿರುವ ಬ್ಯಾಕ್ಟೀರಿಯಾ ಹಕ್ಕಿಯ ಮೈ ಸೇರಿದರೆ, ತಕ್ಷಣ ಆ್ಯಂಟಿಬಯಾಟಿಕ್ ಕೊಡದಿದ್ದರೆ ಉಳಿಯುವುದು ಕಷ್ಟವಂತೆ. 'ಬೆಕ್ಕಿನ ಬಾಯಿಂದ ಬಿಡಿಸಿದೆ, ಹಾರಿ ಹೋಯ್ತು' ಎಂದು ಸಮಾಧಾನ ಪಟ್ಟುಕೊಂಡ ಎಷ್ಟು ಹಕ್ಕಿಗಳು ಪಕ್ಕದ ಮನೆ ಬೇಲಿಯಲ್ಲಿ ಸತ್ತಿರಬಹುದು ಎಂದು ಅವತ್ತು ಯೋಚಿಸಿದೆ.

ಮಿಂಚು ಆಗ ನಾಲ್ಕು ವರ್ಷದವಳು. ಅವಳು ತಂದದ್ದನ್ನೆಲ್ಲ ನೆನಪು ಮಾಡಿಕೊಂಡು ಒಂದು ಹಾಳೆಯಲ್ಲಿ ಬರೆದೆ. ಆ ಒಂದು ವರ್ಷದಲ್ಲೇ ಮೂರು ಅಳಿಲು ಮರಿ, ಎರಡು ಸೂರಕ್ಕಿ, ಒಂದು ಮಡಿವಾಳ, ಪಿಕಳಾರದ ಮರಿ ಎರಡು, ಓತಿಕ್ಯಾತ, ಹಾವುರಾಣಿ ಲೆಕ್ಕವಿಲ್ಲ. ಇದು ನನ್ನ ಕಣ್ಣಿಗೆ ಬಿದ್ದದ್ದು. ಅಮೆರಿಕದ ಜಾರ್ಜಿಯಾದಲ್ಲಿ 55 ಸಾಕು ಬೆಕ್ಕುಗಳ ಕುತ್ತಿಗೆಗೆ ಸಣ್ಣ ಕ್ಯಾಮೆರಾ ಕಟ್ಟಿ ನೋಡಿದ್ದಾರೆ. ಬೇಟೆಯಾಡಿದ್ದರಲ್ಲಿ ಅವು ಮನೆಗೆ ತಂದದ್ದು ನಾಲ್ಕರಲ್ಲಿ ಒಂದಕ್ಕಿಂತ ಕಡಿಮೆ. ಹೆಚ್ಚುಕಡಿಮೆ ಅರ್ಧದಷ್ಟನ್ನು ಕೊಂದ ಜಾಗದಲ್ಲೇ ಬಿಟ್ಟು ಬಂದಿದ್ದವು. ಅಂದರೆ ನನ್ನ ಹಾಳೆಯಲ್ಲಿ ಇದ್ದದ್ದು ಒಂದು ಪಾಲು ಮಾತ್ರ. ಅವತ್ತಿನಿಂದ ಮಿಂಚುವನ್ನು ಹೊರಗೆ ಬಿಟ್ಟಿಲ್ಲ. ಈಗ ಮೂರು ವರ್ಷ ಆಗುತ್ತಾ ಬಂತು.

ಇಲ್ಲಿ ಬೆಕ್ಕಿನ ಮೇಲೆ ತಪ್ಪು ಹೊರಿಸುವ ಉದ್ದೇಶ ನನಗಿಲ್ಲ. ಅದರ ಹುಟ್ಟೇ ಹಾಗೆ. ಬಾಗಿಲು ತೆರೆದವಳು ನಾನು.

ಊಟದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮಂಥ ಎಷ್ಟೋ ಮನೆಗಳಲ್ಲಿ ಇದೇ ಕತೆ ಇದೆ. ನಮ್ಮದು ಸಸ್ಯಾಹಾರಿ ಮನೆ. ಬೆಕ್ಕಿಗೆ ಹಾಲು-ಅನ್ನ, ಮೊಸರನ್ನ, ಹಬ್ಬದ ದಿನ ಒಂದು ಚಮಚ ತುಪ್ಪ. ಪ್ರೀತಿಯಿಂದಲೇ ಹಾಕುತ್ತಿದ್ದೆವು. ಆದರೆ ಬೆಕ್ಕು ಅನ್ನ ತಿಂದು ಬದುಕುವ ಪ್ರಾಣಿಯಲ್ಲ. ಟಾರಿನ್ ಎನ್ನುವ ಒಂದು ಅಂಶ ಅದಕ್ಕೆ ಬೇಕೇ ಬೇಕು. ಅದು ಸಿಗುವುದು ಮಾಂಸ, ಮೀನಿನಲ್ಲಿ. ಕಡಿಮೆಯಾದರೆ ಕಣ್ಣು ಹೋಗುತ್ತದೆ, ಹೃದಯ ಸೊರಗುತ್ತದೆ. ಬೆಳೆದ ಬೆಕ್ಕುಗಳಲ್ಲಿ ಎಷ್ಟಕ್ಕೋ ಹಾಲೂ ಒಗ್ಗುವುದಿಲ್ಲ, ಭೇದಿಯಾಗುತ್ತದೆ. ಹಾಗಾದರೆ ನಮ್ಮ ಮಿಂಚು ನಾಲ್ಕು ವರ್ಷ ಹೇಗೆ ಗಟ್ಟಿಯಾಗಿದ್ದಳು? ಮನೆಯಲ್ಲಿ ಸಿಗದ್ದನ್ನು ಹಿತ್ತಲಲ್ಲಿ ಹುಡುಕಿಕೊಂಡಿದ್ದಳು. ನಮ್ಮ ಅಡುಗೆಮನೆಯ ಮಡಿಯನ್ನು ಸೂರಕ್ಕಿಗಳ ಪ್ರಾಣ ಕೊಟ್ಟು ಉಳಿಸಿಕೊಂಡಿದ್ದೆವು. ಇದನ್ನು ಬರೆಯುವಾಗಲೂ ನನಗೆ ಸಂಕಟವಾಗುತ್ತದೆ.

ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 355 ಸಾಕು ಬೆಕ್ಕುಗಳನ್ನು 12 ವಾರ ಗಮನಿಸಿದ್ದರು. ಧಾನ್ಯವಿಲ್ಲದ, ಮಾಂಸದ ಪ್ರೋಟೀನ್ ಜಾಸ್ತಿ ಇರುವ ಊಟ ಕೊಟ್ಟಾಗ ಅವು ಮನೆಗೆ ತರುವ ಬೇಟೆ ಶೇಕಡಾ 36ರಷ್ಟು ಇಳಿಯಿತು. ಮಾಲೀಕರು ದಿನಕ್ಕೆ ಐದರಿಂದ ಹತ್ತು ನಿಮಿಷ ಜೊತೆಗೆ ಆಟವಾಡಿದರೆ ಶೇಕಡಾ 25ರಷ್ಟು ಇಳಿಯಿತು. ಕೊರಳಿಗೆ ಗಂಟೆ ಕಟ್ಟಿದ್ದರಿಂದ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ನಾವು ಗಾದೆ ಹೇಳುತ್ತೇವೆ. ಕಟ್ಟಿದರೂ ಅಷ್ಟೇ, ಹೊಂಚು ಹಾಕುವ ಬೆಕ್ಕು ಗಂಟೆ ಅಲುಗದ ಹಾಗೆ ನಡೆಯುವುದನ್ನು ಕಲಿತುಬಿಡುತ್ತದೆಯೋ ಏನೋ. ಮಿಂಚುವಿನ ಕೊರಳಲ್ಲಿ ನಾನೂ ಎರಡು ವರ್ಷ ಗಂಟೆ ಕಟ್ಟಿದ್ದೆ.

ಬೆಕ್ಕಿನ ಊಟದ ಪ್ಯಾಕೆಟ್ ತರಬೇಕು ಎಂದಾಗ ನನಗೆ ಹೆದರಿಕೆ ಇದ್ದದ್ದು ನಮ್ಮತ್ತೆಯದು. ಅವರಿಗೆ ಆಗ 84 ವರ್ಷ. ಮನೆಯೊಳಗೆ ಮೀನಿನ ವಾಸನೆ ಬಂದರೆ ಒಪ್ಪುತ್ತಾರಾ? ಎರಡು ದಿನ ಹೇಳಲಿಲ್ಲ. ಮೂರನೇ ದಿನ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅದರ ಊಟ ಅದಕ್ಕೆ ಕಣೇ. ನಮ್ಮ ವ್ರತ ಅದಕ್ಯಾಕೆ? ಹಿಂದಿನ ಪಡಸಾಲೆಯಲ್ಲಿ ಹಾಕು, ತಟ್ಟೆ ಬೇರೆ ಇಡು' ಎಂದರು. ಅಷ್ಟೇ. ಅವತ್ತಿನಿಂದ ಹಿಂದಿನ ಪಡಸಾಲೆಯಲ್ಲಿ ಮಿಂಚುವಿಗೆ ಬೇರೆ ತಟ್ಟೆ. ಸಸ್ಯಾಹಾರಿ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಕೇಳಿಕೊಳ್ಳುತ್ತೇನೆ, ಮನಸ್ಸು ಗಟ್ಟಿ ಮಾಡಿಕೊಂಡು ಅದರ ಊಟ ಅದಕ್ಕೆ ಕೊಡಿ. ಅದು ಆಗುವುದೇ ಇಲ್ಲ ಅನ್ನಿಸಿದರೆ ಬೆಕ್ಕನ್ನು ಸಾಕಬೇಡಿ.

ಒಳಗೆ ಇಟ್ಟುಕೊಳ್ಳುವುದು ಸುಲಭವಾಗಿರಲಿಲ್ಲ. ಮೊದಲ ಮೂರು ವಾರ ಬಾಗಿಲ ಹತ್ತಿರ ಕೂತು ಒಂದೇ ಸಮ ಕೂಗಿದಳು. ಪರದೆ ಹರಿದಳು. ರಾತ್ರಿ ಎರಡು ಗಂಟೆಗೆ ಎದ್ದು ಕಿಟಕಿ ಕೆರೆದಳು. ನಮ್ಮ ಯಜಮಾನರು, 'ಪಾಪ ಕಣೇ, ಬಿಟ್ಟುಬಿಡು' ಎಂದು ಎಷ್ಟೋ ಸಲ ಹೇಳಿದರು. ನನಗೂ ಕೈ ಚಿಲಕದ ಹತ್ತಿರ ಹೋಗಿ ವಾಪಸು ಬಂದದ್ದುಂಟು. ಆಮೇಲೆ ಒಂದೊಂದಾಗಿ ದಾರಿ ಕಂಡುಕೊಂಡೆವು. ಹಿಂದಿನ ಪಡಸಾಲೆಗೆ ಕಬ್ಬಿಣದ ಸಣ್ಣ ಕಣ್ಣಿನ ಜಾಲರಿ ಹಾಕಿಸಿದೆವು. ಪಾರಿವಾಳಕ್ಕೆ ಹಾಕುವ ನೈಲಾನ್ ಬಲೆ ಬೇಡ, ಬೆಕ್ಕು ಕಚ್ಚಿ ತೂತು ಮಾಡುತ್ತದೆ. ಒಳಗೆ ಹಳೇ ಪುಸ್ತಕದ ಕಪಾಟನ್ನು ನಿಲ್ಲಿಸಿದೆವು, ಅವಳಿಗೆ ಎತ್ತರದಲ್ಲಿ ಕೂರಲು. ಬೆಳಗಿನ ಬಿಸಿಲು ಅಲ್ಲಿಗೇ ಬೀಳುತ್ತದೆ. ಮಲಮೂತ್ರಕ್ಕೆ ಒಂದು ಪ್ಲಾಸ್ಟಿಕ್ ಟಬ್ಬು, ಅದರಲ್ಲಿ ಸಾಮಿಲ್ಲಿನಿಂದ ತಂದ ಮರದ ಹೊಟ್ಟು. ದಿನಾ ತೆಗೆದು ಹಾಕಿದರೆ ವಾಸನೆ ಬರುವುದಿಲ್ಲ. ಸಂಜೆ ಐದೂವರೆಗೆ ಒಂದು ಕೋಲಿಗೆ ದಾರ, ದಾರದ ತುದಿಗೆ ಬಟ್ಟೆ ಚೂರು ಕಟ್ಟಿ ಹತ್ತು ನಿಮಿಷ ಆಡಿಸುತ್ತೇನೆ. ಓಡಿ, ಹಾರಿ, ಹಿಡಿದು, ಏದುಸಿರು ಬಿಡುತ್ತಾ ಮಲಗುತ್ತಾಳೆ. ಆಮೇಲೆ ಊಟ. ಹೊರಗೆ ಬೇಟೆಗೆ ಹೋಗುತ್ತಿದ್ದ ಹೊತ್ತಿಗೇ ಇದನ್ನೆಲ್ಲ ಇಟ್ಟದ್ದರಿಂದ ಕೂಗುವುದು ತಾನಾಗಿ ನಿಂತಿತು. ಎರಡು ತಿಂಗಳು ಹಿಡಿಯಿತು. ಈಗ ಬಾಗಿಲು ತೆರೆದಿದ್ದರೂ ಹೊಸ್ತಿಲವರೆಗೆ ಬಂದು ಮೂಸಿ ವಾಪಸು ಹೋಗುತ್ತಾಳೆ.

ಅಣ್ಣ ತೀರ್ಥಹಳ್ಳಿಯ ಕಡೆ ನಮ್ಮ ಅಡಿಕೆ ತೋಟದ ಮನೆಯಲ್ಲಿದ್ದಾನೆ. ವಿಷಯ ಕೇಳಿದಾಗ, 'ಬೆಕ್ಕನ್ನ ಕೂಡಿ ಹಾಕೋದಾ ಮಾರಾಯ್ತಿ? ಇದ್ಯಾವ ನ್ಯಾಯ?' ಎಂದ. ಅವನ ಮಾತನ್ನು ನಾನು ತಳ್ಳಿ ಹಾಕುವುದಿಲ್ಲ. ನಾನು ಬೆಳೆದದ್ದೇ ಆ ಮನೆಯಲ್ಲಿ. ಅಟ್ಟದ ತುಂಬ ಭತ್ತ, ಅಡಿಕೆ. ಬೆಕ್ಕಿಲ್ಲದಿದ್ದರೆ ಇಲಿ ಬಿಡುತ್ತದಾ? ಅಲ್ಲಿ ಬೆಕ್ಕಿಗೆ ಕೆಲಸ ಇದೆ, ಪಕ್ಕದ ಮನೆ ಅರ್ಧ ಮೈಲಿ ದೂರ ಇದೆ. ಆದರೆ ಅಲ್ಲೂ ಒಂದು ಮಾತಿದೆ. ತೋಟದ ಆಚೆ ಕಾಡು. ಕಾಡುಬೆಕ್ಕು ಊರ ಬೆಕ್ಕಿನ ಜೊತೆ ಕೂಡಬಹುದು, ಮಿಶ್ರ ತಳಿ ಹುಟ್ಟಬಹುದು. ಊರ ಬೆಕ್ಕಿನ ಕಾಯಿಲೆ ಕಾಡಿನದಕ್ಕೂ ಅಂಟಬಹುದು. ಅದಕ್ಕೆ ಅಣ್ಣನಿಗೆ ಹೇಳಿದ್ದು ಇಷ್ಟೇ: ಅಟ್ಟದ ಬೆಕ್ಕು ಅಟ್ಟದಲ್ಲಿರಲಿ, ಆದರೆ ಸಂತಾನಹರಣ ಆಪರೇಷನ್ ಮಾಡಿಸು, ಲಸಿಕೆ ಹಾಕಿಸು. ಹೋದ ಬೇಸಿಗೆಯಲ್ಲಿ ಅಲ್ಲಿನ ಎರಡು ಬೆಕ್ಕಿಗೂ ಮಾಡಿಸಿದ. ಮೈಸೂರಿನ ಮೂವತ್ತು-ನಲವತ್ತರ ಸೈಟಿನಲ್ಲಿ ಕಾಯಬೇಕಾದ ಅಟ್ಟ ಇಲ್ಲವಲ್ಲ.

ನಗರದಲ್ಲೂ ಇಲಿ ಇದೆ ಎನ್ನುತ್ತಾರೆ, ನಿಜ. ಆದರೆ ನಮ್ಮ ಚರಂಡಿಯಲ್ಲಿ ಓಡಾಡುವುದು ಹೆಗ್ಗಣ. ಅದನ್ನು ಕಂಡರೆ ಎಷ್ಟೋ ಬೆಕ್ಕು ದಾರಿ ಬಿಡುತ್ತವೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ದೊಡ್ಡ ಇಲಿಗಳಿರುವ ಒಂದು ಕಟ್ಟಡದಲ್ಲಿ ಕ್ಯಾಮೆರಾ ಇಟ್ಟು ಐದು ತಿಂಗಳು ನೋಡಿದರು. ಬೆಕ್ಕುಗಳು ಇಲಿಯ ಬೆನ್ನು ಹತ್ತಿದ್ದು 20 ಸಲ, ಕೊಂದದ್ದು ಎರಡೇ. 2018ರಲ್ಲಿ ಇದು ಪ್ರಕಟವಾಯಿತು. ಇಲಿ ಹೋಗಬೇಕಾದರೆ ಕಸ ಮುಚ್ಚಿಡಬೇಕು, ಚರಂಡಿಗೆ ಕಲ್ಲು ಹಾಕಿಸಬೇಕು.

ಇನ್ನು ಬೆಕ್ಕಿನ ಸುಖದ ಮಾತು. ಮಿಂಚುವಿಗಿಂತ ಮೊದಲು ನಮ್ಮಲ್ಲಿ ಗುಂಡ ಎಂಬ ಗಂಡು ಬೆಕ್ಕಿತ್ತು. ಇಡೀ ಬೀದಿ ಅವನದೇ. ಒಂದು ಸಂಜೆ ಬಾಯಲ್ಲಿ ನೊರೆ ಸುರಿಸುತ್ತಾ ಬಂದು ನನ್ನ ಕಾಲ ಹತ್ತಿರ ಬಿದ್ದ. ಯಾರದೋ ಮನೆಯಲ್ಲಿ ಇಲಿಗೆ ಇಟ್ಟ ಪಾಷಾಣ ತಿಂದನೋ, ಪಾಷಾಣ ತಿಂದ ಇಲಿಯನ್ನೇ ತಿಂದನೋ, ಗೊತ್ತಾಗಲಿಲ್ಲ. ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಆಟೋದಲ್ಲೇ ಹೋದ. ಮೂರು ವರ್ಷ ಕೂಡ ಆಗಿರಲಿಲ್ಲ. ಹೊರಗೆ ಬಿಟ್ಟರೆ ಬೆಕ್ಕಿಗೆ ಖುಷಿ ಎಂದು ಹೇಳುವವರಿಗೆ ನಾನು ಗುಂಡನ ಆ ಸಂಜೆಯನ್ನು ಹೇಳುತ್ತೇನೆ. ರಸ್ತೆಯ ಗಾಡಿ, ಬೀದಿನಾಯಿ, ಗಂಡು ಬೆಕ್ಕುಗಳ ಕಚ್ಚಾಟದ ಕೀವು, ಇವೆಲ್ಲ ಅದರ ಓಡಾಟದ ಜೊತೆಗೇ ಬರುವಂಥವು.

ನಮ್ಮ ಆರೋಗ್ಯದ ಪ್ರಶ್ನೆಯೂ ಇದೆ. ಹೋದ ವರ್ಷ ಮೊಮ್ಮಗಳಿಗೆ ಗೇಟಿನ ಹತ್ತಿರ ಯಾರದೋ ಬೆಕ್ಕು ರಕ್ತ ಬರುವ ಹಾಗೆ ಪರಚಿತು. ಲಸಿಕೆ ಹಾಕಿಸಿದ್ದಾರೋ ಇಲ್ಲವೋ ಕೇಳೋಣ ಎಂದರೆ ಯಾರ ಬೆಕ್ಕು ಎಂದೇ ತಿಳಿಯಲಿಲ್ಲ. ಬೆಕ್ಕಿನಿಂದಲೂ ರೇಬಿಸ್ ಬರುತ್ತದೆ. ಮಗು ಮೊದಲ ದಿನ, ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಂಡಿತು. ಗಾಯದ ಸುತ್ತ ಕೊಟ್ಟ ಇಮ್ಯುನೊಗ್ಲಾಬ್ಯುಲಿನ್, ಅಂದರೆ ರೇಬಿಸ್ ವೈರಸ್ಸನ್ನು ಅಲ್ಲೇ ತಡೆಯುವ ಮದ್ದು, ಬೇರೆ. ಯಾವ ತಾಯಿಗೂ ಆ ಒಂದು ತಿಂಗಳ ದಿಗಿಲು ಬೇಡ.

ನನ್ನ ಮಗಳು ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿದ್ದಾಳೆ. ಅಲ್ಲಿ 2022ರ ಜುಲೈ 1ರಿಂದ ಹೊಸದಾಗಿ ಸಾಕುವ ಬೆಕ್ಕನ್ನು ಮನೆಯ ಆವರಣದಲ್ಲೇ ಇಟ್ಟುಕೊಳ್ಳಬೇಕು ಎಂದು ಕಾನೂನು ಬಂತು. ಅವಳ ಬೆಕ್ಕಿಗೂ ನಮ್ಮ ಮಿಂಚುವಿನ ಹಾಗೇ ಜಾಲರಿಯ ಮನೆ. ಅಲ್ಲಿನ ಕಾರಣ ಬೇರೆ: ಯುರೋಪಿನವರು ಬರುವವರೆಗೆ ಆ ನೆಲದಲ್ಲಿ ಬೆಕ್ಕೇ ಇರಲಿಲ್ಲ, ಅಲ್ಲಿನ ಪ್ರಾಣಿಗಳಿಗೆ ಅದನ್ನು ಎದುರಿಸಿ ಗೊತ್ತಿರಲಿಲ್ಲ. ನಮ್ಮಲ್ಲಿ ಕಾಡುಬೆಕ್ಕುಗಳು ಹಿಂದಿನಿಂದಲೂ ಇವೆ. ಹಾಗಾಗಿ ಅಲ್ಲಿನ ಕಾನೂನನ್ನೇ ಇಲ್ಲಿಗೆ ತನ್ನಿ ಎಂದು ನಾನು ಹೇಳುವುದಿಲ್ಲ. ಹಕ್ಕಿ ಕಡಿಮೆಯಾಗಲು ಬೆಕ್ಕೊಂದೇ ಕಾರಣ ಎಂದೂ ಹೇಳುವುದಿಲ್ಲ. 2023ರಲ್ಲಿ ಬಂದ 'ಭಾರತದ ಹಕ್ಕಿಗಳ ಸ್ಥಿತಿಗತಿ' ವರದಿಯಲ್ಲಿ, ದೀರ್ಘಕಾಲದ ಲೆಕ್ಕ ಸಿಕ್ಕ 338 ಜಾತಿಗಳಲ್ಲಿ ಶೇಕಡಾ 60ರಷ್ಟು ಇಳಿಮುಖ ಎಂದಿದೆ. ಕೆರೆ ಹೋಯಿತು, ಮರ ಹೋಯಿತು, ಹೊಲಕ್ಕೆ ವಿಷ ಬಿತ್ತು. ಅವನ್ನೆಲ್ಲ ಸರಿ ಮಾಡುವುದು ನನ್ನೊಬ್ಬಳ ಕೈಯಲ್ಲಿಲ್ಲ. ನಮ್ಮ ಹಿತ್ತಲ ಬಾಗಿಲು ನನ್ನ ಕೈಯಲ್ಲಿದೆ. ಆರು ದೇಶಗಳ 925 ಸಾಕು ಬೆಕ್ಕುಗಳಿಗೆ ಜಿಪಿಎಸ್ ಕಟ್ಟಿ ನೋಡಿದಾಗ ಹೆಚ್ಚಿನವು ಮನೆಯಿಂದ ನೂರು ಮೀಟರ್ ಒಳಗೇ ಸುತ್ತಾಡುತ್ತಿದ್ದವು. ಅಂದರೆ ಒಂದು ಬೆಕ್ಕಿನ ಬೇಟೆಯೆಲ್ಲ ಅದೇ ನಾಲ್ಕಾರು ಹಿತ್ತಲುಗಳ ಮೇಲೆ ಬೀಳುತ್ತದೆ. ಹಾಗಾಗಿ ಒಂದು ಬಾಗಿಲು ಹಾಕಿದರೂ ಆ ಹಿತ್ತಲುಗಳಿಗೆ ಅದು ಸಣ್ಣ ವಿಷಯವಲ್ಲ.

ಪಾರ್ಕಿನಲ್ಲಿ ಮಾತಾಡಿದ ಇಬ್ಬರಿಗೂ ಈಗ ಹೇಳುತ್ತೇನೆ.

ಹಿಡಿಸಿ ಬಿಟ್ಟು ಬರೋಣ ಎಂದವರೇ, ಬೆಕ್ಕನ್ನು ಗೋಣಿಚೀಲಕ್ಕೆ ಹಾಕಿ ಹೊಳೆಯಾಚೆ ಬಿಡುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಈಗಲೂ ಕೆರೆ ಏರಿಯ ಮೇಲೆ ಕಣ್ಣು ಬಿಡದ ಮರಿಗಳನ್ನು ರಟ್ಟಿನ ಡಬ್ಬಿಯಲ್ಲಿ ಇಟ್ಟು ಹೋಗುವವರಿದ್ದಾರೆ. ಕೆಲವು ಹಸಿದು ಸಾಯುತ್ತವೆ. ಬದುಕಿದವು ಕೆರೆಯ ಹಕ್ಕಿಗಳನ್ನೇ ಹಿಡಿಯುತ್ತವೆ. ಇಲ್ಲಿ ಖಾಲಿಯಾದ ಜಾಗಕ್ಕೆ ಬೇರೆ ಬೆಕ್ಕು ಬರುತ್ತದೆ. ವಿಷ ಇಡುವ ಯೋಚನೆಯಂತೂ ಬೇಡವೇ ಬೇಡ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅದು ಅಪರಾಧ. ಬೀದಿಯಲ್ಲಿ ಯಾರಿಗೂ ಸೇರದ ಬೆಕ್ಕುಗಳು ಐದಾರು ಇವೆ. ಅವಕ್ಕೆ ಸಂತಾನಹರಣ ಆಪರೇಷನ್ ಮಾಡಿಸಲು ಮನೆಗೆ ಇಷ್ಟು ಎಂದು ಹಾಕೋಣ, ನನ್ನ ಪಾಲನ್ನು ಮೊದಲು ಕೊಡುತ್ತೇನೆ. ಹೆಣ್ಣು ಬೆಕ್ಕು ಸುಮಾರು 65 ದಿನಕ್ಕೆ ಮರಿ ಹಾಕುತ್ತದೆ, ವರ್ಷಕ್ಕೆ ಎರಡು ಮೂರು ಸಲ. ತಡ ಮಾಡಿದಷ್ಟೂ ಲೆಕ್ಕ ಏರುತ್ತದೆ.

ತಡೆಯೋಕೆ ನಾವ್ಯಾರು ಎಂದವರೇ, ಅದಕ್ಕೆ ಹೆಸರಿಟ್ಟವರು ನೀವು, ಊಟ ಹಾಕುವವರು ನೀವು. ಮಗು ಬೀದಿಗೆ ಓಡಿದರೆ ಹಿಂದೆ ಹೋಗಿ ಕೈ ಹಿಡಿಯುತ್ತೀರಿ ಅಲ್ವಾ? ನಿಮ್ಮ ಬೂದು ಬೆಕ್ಕು ನಮ್ಮ ದಾಸವಾಳದ ಕೆಳಗೆ ದಿನಾ ಸಂಜೆ ಕೂರುತ್ತದೆ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ, ಮೂರು ವರ್ಷದ ಹಿಂದೆ ನಾನೂ ನಿಮ್ಮ ಹಾಗೇ ಇದ್ದೆ. ಒಂದೇ ಸಲಕ್ಕೆ ಪೂರ್ತಿ ಒಳಗೆ ಇಡುವುದು ಕಷ್ಟವಾದರೆ ಸಂಜೆ ಐದರಿಂದ ಬೆಳಿಗ್ಗೆ ಎಂಟರವರೆಗೆ ಇಡಿ. ಅದರಲ್ಲೂ ಈ ತಿಂಗಳಿಂದ ಬೇಸಿಗೆಯವರೆಗೆ, ದೂರದ ಹಕ್ಕಿಗಳು ಬರುವ ಕಾಲದಲ್ಲಿ. ಆಪರೇಷನ್ ಆಗದಿದ್ದರೆ ಮಾಡಿಸಿ, ಆಮೇಲೆ ಅದಕ್ಕೆ ಸುತ್ತಾಡುವ ಆಸೆಯೂ ಕಡಿಮೆಯಾಗುತ್ತದೆ. ಜಾಲರಿ ಹಾಕಿದ ವೆಲ್ಡಿಂಗ್‌ನವರನ್ನು ನಾನೇ ಕರೆದುಕೊಂಡು ಬರುತ್ತೇನೆ. ಮರದ ಹೊಟ್ಟು ಎರಡು ಚೀಲ ಮನೆಯಲ್ಲಿದೆ, ಒಂದು ನಿಮಗೆ.

ಹೋದ ವರ್ಷ ಅಕ್ಟೋಬರ್‌ನಲ್ಲಿ ಸಂಜೆ ಆರರ ಹೊತ್ತಿಗೆ ಬಾಳೆಯ ಬುಡದಿಂದ ಎರಡು ಸ್ವರದ ಸಿಳ್ಳೆ ಕೇಳಿಸಿತು. ಮಿಂಚು ಜಾಲರಿಯೊಳಗೆ ಕಪಾಟಿನ ಮೇಲೆ ಕಿವಿ ನೆಟ್ಟಗೆ ಮಾಡಿ ಕೂತಿದ್ದಳು. ಆ ನವರಂಗ ಹಕ್ಕಿ ಹನ್ನೊಂದು ದಿನ ನಮ್ಮ ಹಿತ್ತಲಲ್ಲೇ ಇತ್ತು. ನಮ್ಮತ್ತೆ ದಿನಾ ಸಂಜೆ ಕುರ್ಚಿ ಹಾಕಿಸಿಕೊಂಡು ಅದರ ಕೂಗಿಗೆ ಕಾಯುತ್ತಿದ್ದರು. ಹನ್ನೆರಡನೇ ದಿನ ಕೇಳಲಿಲ್ಲ, ಮುಂದಕ್ಕೆ ಹಾರಿತು ಎಂದುಕೊಂಡೆವು. ಈ ವರ್ಷದ ಕುರ್ಚಿಯನ್ನು ಮೊನ್ನೆಯೇ ಹೊರಗೆ ಹಾಕಿದ್ದೇನೆ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ
ಸರಸ್ವತಿಪುರಂ, ಮೈಸೂರು